ಗುತ್ತಿನ ಮನೆಯ ಯಜಮಾನ

ಕಂಕನಾಡಿ ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನಲ್ಲಿ ಅಣ್ಣ-ತಂಗಿ ಕೂತಿದ್ದರು.

"ಸೋದರಮಾವ ಹೋದರು. ಇನ್ನು ನಮ್ಮ ಕುಟುಂಬದ ಗುತ್ತಿನ ಮನೆಗೆ ನಾನೇ ಯಜಮಾನ, ತನುಶ್ರೀ."

"ಎಲ್ಲರ ಹತ್ರ ಕೇಳಿದ್ದೀಯಾ, ಅಶ್ವಿತಣ್ಣ?"

"ಕೇಳ್ಲಿಕ್ಕೆ ಇದೆಂತ ಪಂಚಾಯತ್ ಎಲೆಕ್ಷನ್ನಾ? ನಮ್ಮಲ್ಲಿ ಮಾವನ ನಂತರ ಅಕ್ಕತಂಗಿಯ ಮಗ, ಅಳಿಯ. ಅಷ್ಟೇ."

"ನೀನು ಅಳಿಯ ಆದದ್ದು ಅಮ್ಮನಿಂದ. ಅಮ್ಮನನ್ನು ಯಾಕೆ ಯಜಮಾನರ ಪೀಠದಲ್ಲಿ ಕೂರಿಸ್ಲಿಲ್ಲ?"

"ಆ ಪೀಠದಲ್ಲಿ ಹೆಂಗಸರು ಕೂತದ್ದುಂಟಾ?"

"ಹಾಗಾದ್ರೆ ವೋಟು ಹಾಕುವ. ನಾನೂ ನಿಲ್ತೇನೆ."

"ಹಿರಿಯರ ಕಟ್ಟು ಮುರೀಲಿಕ್ಕೆ ನೀನು ಯಾರು?"

ಅವಳು ಕಿಟಕಿಯಿಂದ ಮುಖ ತಿರುಗಿಸಿದಳು.

"ನಿನ್ನ ನಂತರ ಯಾರು?"

"ನಿನ್ನ ಮಗ. ಬೇರೆ ಯಾರುಂಟು?"

"ಅವನನ್ನು ನಾನು ಆ ಪೀಠಕ್ಕೆ ಕಳಿಸುವುದಿಲ್ಲ. ನೀನೇ ಕೊನೆಯ ಯಜಮಾನ."

ಸ್ಟಾಪ್ ಬಂದದ್ದೇ ಅವಳು ಇಳಿದು ನಡೆದಳು.

"ತನು, ನಿಲ್ಲು ಮಾರಾಯ್ತಿ, ಮಾತಾಡುವ" ಎನ್ನುತ್ತ ಯಜಮಾನ ಅವಳ ಹಿಂದೆ ಓಡಿದ.