ಯಮಕನಮರಡಿಯಲ್ಲಿ ಕೂಡಿಸಿದ ಬುತ್ತಿ

ಹಲೋ... ಹಲೋ, ಯಾರ್ರಿ ಮಾತಾಡೂದು? ಹುಕ್ಕೇರಿ ಗೌಡ್ರ ಮನಿ ಹೌದಲ್ರಿ?... ಗೌಡ್ರ, ನಮಸ್ಕಾರ್ರಿ. ನಾನು, ಸಾತಪ್ಪ ಮಾಸ್ತರ. ಕಾರವಾರದ ಪೋಸ್ಟಿನಿಂದ ಮಾತಾಡಾಕತ್ತೇನಿ. ಫೋನ ಮಾಡು ಅಂತ ನಿಮ್ಮ ತಾರು ಸಿಕ್ತು, ಓಡಿ ಬಂದೆ.

...

ಸಾಲಿ ಹುಡುಗೂರೆಲ್ಲ ಆರಾಮ ಅದಾರ್ರಿ. ಮುಂಜಾನೆ ಕಾಳಿ ನದಿ ದಾಟಿ ಸದಾಶಿವಗಡ ಹತ್ತಿಳಿದ್ವಿ. ಈಗ ನಡುಗಡ್ಡಿಗೆ ಹೋಗಾಕ ದೋಣಿ ತಯಾರಾಗೈತಿ. ನಿಮ್ಮ ಸೀತವ್ವ ಸಮುದ್ರದ ನೀರು ನೆಕ್ಕಿ ನೋಡಿ, ಇಷ್ಟ ನೀರಿಟಗೊಂಡು ಒಂದ ತಂಬಗಿ ಕುಡಿಯಾಕ ಬರೂದಿಲ್ಲಲ್ಲ ಅಂತ ನಗತಿದ್ಲು.

...

ಹಾಂ? ಯಾವ ಬುತ್ತಿ?... ಹೌದ್ರಿ, ಯಮಕನಮರಡಿಯೊಳಗ. ನೋಡಿದವರು ಸುಳ್ಳು ಹೇಳಿಲ್ಲ. ಇಂಜಿನ್ನಿಗೆ ನೀರು ಹಾಕಾಕ ಬಸ್ಸ ನಿಲ್ಲಿಸಿದ್ರು. ಹುಡುಗೂರು ಹಸದಿದ್ವು. ಊರು ಬಿಟ್ಟು ಹೊಂಟಾಗ ಮೊದಲನೇ ಊಟಕ್ಕ ಎಲ್ಲಾರ ಬುತ್ತಿ ಒಂದ ಕಂಬಳಿ ಮ್ಯಾಲ ಬಿಚ್ಚಿ ಕೂಡಿಸಿ ಉಣ್ಣೂದು ನಮ್ಮ ಕಡೆ ರೂಢಿ, ಅಲ್ರಿ? ಗುಡ್ಡದ ಜಾತ್ರಿಗೆ ಹೋಗುವಾಗ ನೀವೂ ಹಂಗ ಉಂಡೀರಿ.

...

ಕೇರಿ ಹುಡುಗೂರ ಬುತ್ತಿ ಬ್ಯಾರೆ ಇಡು ಅಂತ ಹೇಳಿದ್ರಿ, ಖರೆ. ಮರತಿಲ್ಲ ನಾನು. ಮರತು ಮಾಡಿದ್ದಲ್ಲ ಅದು.

...

ಸಮಾಧಾನ ಮಾಡ್ಕೋರಿ... ಯಾರನ್ನ ಹಿಂದಕ್ಕ ಕಳಸಬೇಕು? ಕೇರಿಯ ಹನಮಂತನ್ನ, ಪದ್ಮವ್ವನ್ನ? ಸಂಜೀ ಬಸ್ಸಿಗೆ? ಇಷ್ಟು ದೂರಿಂದ ಇಬ್ರ ಮಕ್ಕಳು, ಜೋಡಿ ಯಾರಿಲ್ದ?... ಉಳಿದವರು ನಡುಗಡ್ಡಿ ನೋಡಬೇಕು, ನಾಳೆ ಗೋಕರ್ಣ ನೋಡಬೇಕು, ಇವರಷ್ಟ ಬಸ್ಸಿನ ಕಿಡಕಿಯೊಳಗ ಘಟ್ಟ ನೋಡಿಕೋತ ಮನೀಗೆ ಹೋಗಬೇಕು. ಹಿಂಗ ಹೌದಲ್ರಿ?

...

ಕಳಸೂದಿದ್ರ ಮೂರು ಮಂದಿನ್ನ ಕಳಸಬೇಕಾಗ್ತೈತಿ. ಮೂರನೇದಾಂವ ನಾನ. ಆ ಕೇರಿಯೊಳಗ ಹುಟ್ಟಿದಾಂವ. ನಿಮ್ಮ ಸಾಲಿ ನೌಕರಿಗೆ ತಗೊಳ್ಳುವಾಗ ನಿಮಗ ಗೊತ್ತಿತ್ತು. ಸಾಲಿ ನೋಡಾಕ ಸಾಹೇಬ್ರು ಬಂದ ದಿನ ನನ್ನನ್ನ ಮುಂದ ನಿಲ್ಲಿಸಿ, ನಮ್ಮಲ್ಲಿ ಭೇದ ಇಲ್ರಿ ಅಂದವರು ನೀವ. ಆ ಮಾತು ಸಾಹೇಬ್ರ ಜೀಪಿನೊಳಗ ಹತ್ತಿ ಹೋತೇನ್ರಿ?

...

ಸೀತವ್ವ ಯಾರ ರೊಟ್ಟಿ ಉಂಡ್ಲು ಅಂತನಾ? ಅದನ್ನ ಹೆಂಗ ಹೇಳ್ಲಿ ಗೌಡ್ರ? ನಿಮ್ಮ ಮನೀವು ತೆಳ್ಳಗ, ಹನಮಂತನ ಮನೀವು ದಪ್ಪ. ಬಸ್ಸಿನ ಕುಲಕಾಟಕ್ಕ ಎಲ್ಲಾ ಮುರದು ಒಂದ ಆಗಿದ್ವು. ರೊಟ್ಟಿಗೆ ಹಚಗೊಂಡ ಅಗಸಿ ಹಿಂಡಿ ಯಾರದು ಅಂದ್ರ ಹೇಳಬಹುದು. ಅದು ನಮ್ಮವ್ವ ಉದ್ದವ್ವ ಕುಟ್ಟಿದ್ದು. ನಿಮ್ಮ ಮಗಳು ಎರಡು ಸಲ ಇಸಗೊಂಡ್ಲು.

...

ಬೈರಿ. ನನಗ ಬೈರಿ, ನಮ್ಮವ್ವಗ ಬ್ಯಾಡ.

...

ನೌಕರಿ? ಊರಿಗೆ ಬಂದ ಮ್ಯಾಲ ತಗೀರಿ. ಇವತ್ತ ಈ ದಂಡಿಮ್ಯಾಲ ಈ ಮಕ್ಕಳಿಗೆ ಮಾಸ್ತರ ನಾನು. ಇಬ್ರನ್ನೂ ಬಸ್ಸ ಹತ್ತಸೂದಿಲ್ಲ. ದೋಣಿ ಹತ್ತಸ್ತೀನಿ.

...

ಏನಂದ್ರಿ? ಇನ್ನೊಮ್ಮೆ ಹೇಳ್ರಿ... ಹನಮಂತನ ಅಪ್ಪ ದುರ್ಗಪ್ಪ ನಾಳೆಯಿಂದ ನಿಮ್ಮ ಹೊಲದಾಗ ಕಾಲಿಡೂದು ಬ್ಯಾಡ?... ಮಗ ರೊಟ್ಟಿ ಹಂಚಿ ಉಂಡಿದ್ದಕ್ಕ ಅಪ್ಪನ ರೊಟ್ಟಿ ಕಸೀತೀರಿ. ಇದನ್ನ ತಡಿಯಾಕ ಕಾಯ್ದೆ ಐತಿ ಗೌಡ್ರ. ನಾನು ಓದೀನಿ, ದುರ್ಗಪ್ಪಗೂ ಓದಿ ಹೇಳ್ತೀನಿ. ನೌಕರಿ ಹೋದ ಮ್ಯಾಲ ಹೊತ್ತಂತೂ ಬೇಕಾದಷ್ಟ ಇರ್ತೈತಿ ನನಗ.

...

ತಡೀರಿ. ಒಂದ ನಿಮಿಷ ತಡೀರಿ. ಬಾಗಿಲದಾಗ ಸೀತವ್ವ ನಿಂತಾಳ, ನಿಮ್ಮ ಮಗಳು. ದೋಣಿಯಾಂವ ಅವಸರ ಮಾಡಾಕತ್ತಾನಂತ, ಕರೆಯಾಕ ಬಂದಾಳ. ಎಷ್ಟೊತ್ತಿನಿಂದ ನಿಂತಾಳೋ ಗೊತ್ತಿಲ್ಲ... ಪದ್ಮವ್ವನ್ನ ಯಾಕ ಕಳಸಬೇಕ್ರಿ ಮಾಸ್ತರ ಅಂತ ಕೇಳಾಕತ್ತಾಳ.

...

ನಾ ಏನೂ ಹೇಳಿಲ್ಲ. ಹೇಳೂದೂ ಇಲ್ಲ. ಆ ಮಾತು ನಿಮ್ಮದು, ನೀವ ಹೇಳ್ರಿ. ನನಗ ಹೇಳಿದಷ್ಟ ಗಟ್ಟಿಯಾಗಿ ಹೇಳ್ರಿ... ಯಾಕ್ರಿ, ಬ್ಯಾಡ ಯಾಕ?... ಬಾ ಸೀತವ್ವ, ಹಿಡಿ ಇದನ್ನ. ನಿಮ್ಮಪ್ಪಾರು.

...

ಅಪ್ಪಾ, ನಾನು, ಸೀತವ್ವ. ಕೇಳಸ್ತೈತೇನು?... ಪದ್ಮವ್ವ ದೋಣ್ಯಾಗ ನನಗ ಜಾಗಾ ಹಿಡದು ಕುಂತಾಳ. ಆಕೀನ್ನ ಯಾಕ ಕಳಸಂತಿ ಅಪ್ಪಾ? ಏನ ಮಾಡ್ಯಾಳ ಆಕಿ?

...

ಅಪ್ಪಾ? ಹೇಳು... ಅಪ್ಪಾ?

...

ಮಾಸ್ತರ, ಇಷ್ಟೊತ್ತನ ಉಸರ ಬಿಡೂದು ಕೇಳಸ್ತಿತ್ತು. ಈಗ ಫೋನ ಕೆಳಗಿಟ್ಟ ಸಪ್ಪಳ ಆತ್ರಿ.