ಹಲಗೆ ಇನ್ನೂ ಜಾರುತ್ತೆ

...ಅಲ್ಲಿ ಬೇಡ, ಈ ಕಡೆ ಕೂತ್ಕೋ. ಆ ಕುರ್ಚಿ ಕಾಲು ಅಲ್ಲಾಡುತ್ತೆ. ನೀನು ಬೇರೆ ಡಿಸೈನ್ ಓದೋಳು, ಅದರ ಮೇಲೆ ಕೂತ್ರೆ ತಕ್ಷಣ ಎದ್ದು ಅಳತೆ ತೆಗೆಯೋಕೆ ಶುರು ಮಾಡ್ತೀಯ. ಯಾಕೆ ನಗ್ತೀಯ? ಸುಳ್ಳಾ? ಮೊದಲನೇ ಸಲ ಬಂದಾಗ ನಮ್ಮ ಸಿಂಕು, ಮೇಜು, ಲೋಟ, ಕೊನೆಗೆ ನಮ್ಮಕ್ಕನ ಎಡಗೈ ಬೆರಳು... ಒಂದನ್ನಾದ್ರೂ ಬಿಟ್ಯಾ? ಅಕ್ಕ ನಿನಗೆ ಟೇಪಮ್ಮ ಅಂತ ಹೆಸರಿಟ್ಟಿದ್ದು ಸುಮ್ನೆ ಅಲ್ಲ.

ಟೀ ಕುಡಿ. ಬೇಡ ಅನ್ನಬೇಡ, ಮಾಡಿ ಆಗಿದೆ. ನೀನು ಬರ್ತೀಯ ಅಂತ ಹಾಲು ಜಾಸ್ತಿ ತಂದಿದ್ದೆ. ಬಿಸ್ಕತ್ತೂ ಇದೆ.

ಅಕ್ಕ ಈಗ ತಾನೇ ವ್ಯಾಯಾಮಕ್ಕೆ ಹೋದ್ಲು. ಮೆಟ್ಟಿಲ ಹತ್ರ ಎದುರಿಗೆ ಸಿಗಲಿಲ್ವಾ? ಹಾಂ... ಗಾಡಿ ಹಿಂದಿನ ಗೇಟಿಗೆ ಬರುತ್ತೆ, ಅದಕ್ಕೇ. ಕೈಗೆ, ಭುಜಕ್ಕೆ, ಏನೇನೋ ಮಾಡಿಸ್ತಾರೆ. ನಿಧಾನ ಆಗುತ್ತೆ ಬರೋದು. ನೀನು ಬಂದಾಗಲೆಲ್ಲ ಹೀಗೇ ಆಗುತ್ತೆ ನೋಡು. ಒಂದು ಸಲ ನಿದ್ದೆ, ಒಂದು ಸಲ ಜ್ವರ... ನಿನ್ನ ಗ್ರಹಚಾರ. ಆದ್ರೆ ಚಿಂತೆ ಮಾಡಬೇಡ, ಅವಳು ಹೇಳಿದ್ದೆಲ್ಲ ನಾನು ಕೇಳಿಟ್ಟುಕೊಂಡಿದೀನಿ. ಒಂದಕ್ಷರ ಬಿಡದೆ ಹೇಳ್ತೀನಿ.

ನಿನ್ನೆ ನಮ್ಮ ಹೊಲಿಗೆ ಅಂಗಡಿಲಿ ನಿನ್ನದೇ ಮಾತು. ಇಸ್ತ್ರಿಯವನಿಗೆ ಹೇಳ್ತಿದ್ದೆ, ನಮ್ಮನೆಗೆ ಡಿಸೈನ್ ಓದೋ ಹುಡುಗಿ ಬರ್ತಾಳೆ ಅಂತ. ಬಟ್ಟೆ ಡಿಸೈನಾ ಅಂದ. ಅಲ್ಲಪ್ಪ, ಪ್ರಾಡಕ್ಟ್ ಡಿಸೈನು, ತರಕಾರಿ ಹೆಚ್ಚೋ ಹಲಗೆ ಮಾಡ್ತಿದಾಳೆ ಅಂದೆ. "ಹಲಗೆ ಮಾಡೋಕೆ ನಾಲ್ಕು ವರ್ಷ ಕಾಲೇಜಾ?" ಅಂತ ಬಿದ್ದು ಬಿದ್ದು ನಕ್ಕ. ನಾನು ಬಿಡ್ತೀನಾ? ಬಲಗೈ ಬೆನ್ನ ಹಿಂದೆ ಕಟ್ಕೊಂಡು ಒಂದು ಈರುಳ್ಳಿ ಹೆಚ್ಚಿ ತೋರಿಸು, ಆಮೇಲೆ ನಗು ಅಂದೆ. ಈರುಳ್ಳಿ ಉರುಳುತ್ತೆ, ಹಲಗೆ ಓಡುತ್ತೆ, ಚಾಕು ಎಲ್ಲಿಗೋ ಬೀಳುತ್ತೆ. ಪಾರ್ಶ್ವವಾಯು ಹೊಡೆದಾಗಿನಿಂದ ನಮ್ಮಕ್ಕನ ಬದುಕೇ ಹಾಗಾಗಿದೆ, ಆ ಹುಡುಗಿ ಮಾಡ್ತಿರೋದು ಒಂದೇ ಕೈ ಇರೋರಿಗೆ ಹಲಗೆ ಕಣಯ್ಯ ಅಂದೆ. ಆಮೇಲೆ ಬಾಯಿ ಮುಚ್ಕೊಂಡ.

ನೀನೂ ಬಾಯಿ ಮುಚ್ಕೊಂಡೇ ಇದೀಯಲ್ಲ... ಗೊತ್ತು ಬಿಡು. ನಿಮ್ಮ ಮೇಷ್ಟ್ರ ಪಾಠ. ಬಳಸೋರು ಮಾತಾಡ್ಲಿ, ನೀವು ಸುಳಿವು ಕೊಡಬೇಡಿ, ಬರೀ ನೋಡಿ, ಕೇಳಿ. ಒಳ್ಳೇ ಮೇಷ್ಟ್ರು. ಈ ಕಾಲದಲ್ಲಿ ಮಧ್ಯೆ ಬಾಯಿ ಹಾಕದೆ ಕೇಳೋರು ಎಲ್ಲಿ ಸಿಗ್ತಾರೆ? ನಾನು ದಿನಾ ಪ್ಯಾಂಟಿಗೆ ಜಿಪ್ಪು ಹಾಕ್ತೀನಿ, ಕಾಲು ಗಿಡ್ಡ ಮಾಡ್ತೀನಿ, ಬಂದೋರು ಯಾವಾಗ ಕೊಡ್ತೀರಿ ಅಂತಾರೆ, ಹೋಗ್ತಾರೆ. ಮಿಷನ್ ಸದ್ದಿಗೆ ಅಷ್ಟು ಕೇಳಿಸಿದ್ರೇ ಹೆಚ್ಚು. ಮನೆಗೆ ಬಂದ್ರೆ... ಮನೇಲಿ ಅಕ್ಕ ಇದಾಳೆ. ಅವಳಿದ್ದ ಮೇಲೆ ಮಾತಿಗೇನು ಬರ.

ಸರಿ, ಹಲಗೆ ವಿಷಯಕ್ಕೆ ಬರ್ತೀನಿ. ನಿನ್ನ ಮೂರನೇ ಹಲಗೆ... ಬೇಜಾರು ಮಾಡ್ಕೋಬೇಡ ಮರಿ, ಇನ್ನೂ ಜಾರುತ್ತೆ. ಕುಣಿಯೋಕೆ ಬರದೋಳು ನೆಲ ಡೊಂಕು ಅಂದ್ಲು ಅಂದ್ಕೋಬೇಡ. ತಳಕ್ಕೆ ಹೊಸ ರಬ್ಬರ್ ಹಾಕಿ ತಂದೆ, ಒಪ್ಪಿದೆ. ಆದ್ರೂ ಅಕ್ಕ ಚಾಕು ಒತ್ತಿದಾಗ ಒಂಚೂರು ಸರಿಯುತ್ತಂತೆ. ಆ ಮೊಳೆ ಇದೆಯಲ್ಲ, ಈರುಳ್ಳಿ ಚುಚ್ಚಿ ನಿಲ್ಲಿಸೋದು, ಅದು ಹೋದ ಸಲ ತುಂಬಾ ಚೂಪು ಅಂದಿದ್ವಿ. ಹೌದು, ನಾವೇ ಅಂದಿದ್ದು. ಈಗ ಮೊಂಡಾಗಿದೆ. ಮೂಲೆಲಿ ಬ್ರೆಡ್ ತಡೆಯೋಕೆ ಗೋಡೆ ಥರ ಎತ್ತರಿಸಿದ್ಯಲ್ಲ, ಅದೂ ಯಾಕೋ...

ತಡಿ, ಮಾಡಿ ತೋರಿಸ್ತೀನಿ. ಈ ದುಪಟ್ಟಾದಲ್ಲಿ ಬಲಗೈ ಎದೆಗೆ ಕಟ್ಕೋತೀನಿ. ಗಂಟು ಹಾಕ್ಕೊಡು... ಹಾಕು, ಬಿಗಿಯಾಗಿ. ಒಬ್ಬಳೇ ಇದ್ದಾಗ ಹಲ್ಲಲ್ಲಿ ಕಚ್ಚಿ ಹಾಕ್ಕೋತೀನಿ. ಈಗ ನೋಡು. ಎಡಗೈಲಿ ಈರುಳ್ಳಿ ತಗೊಂಡೆ, ಮೊಳೆಗೆ ಚುಚ್ಚಿದೆ, ಚಾಕು ತಗೊಂಡೆ... ನೋಡಿದ್ಯಾ, ಸರೀತು. ನಾನು ತಳ್ಳಲಿಲ್ಲ. ಮೊಣಕೈ ತಾಕಿರಬಹುದು. ಅಕ್ಕನಿಗೂ ತಾಕುತ್ತೆ ಮತ್ತೆ.

ಎಲ್ಲಿ ನೋಡ್ತಿದೀಯ? ಹಲಗೆ ಇಲ್ಲಿದೆ. ಆ ಮಂಚಾನಾ... ಹಾಸಿಗೆ ಬಿಸಿಲಿಗೆ ಹಾಕಿದೀನಿ, ಮಹಡಿ ಮೇಲೆ. ಮೋಡ ಇದ್ರೇನು, ಗಾಳಿ ಆಡುತ್ತಲ್ಲ. ಅವಳ ಬಟ್ಟೆ ಒಗೆಯೋಕೆ ಹೋಗಿದೆ, ಅದಕ್ಕೇ ಗೂಟ ಖಾಲಿ. ನೀನು ಈರುಳ್ಳಿ ಮೇಲೆ ಗಮನ ಇಡು.

ಟೀ ಆರಿಹೋಯ್ತು ನೋಡು, ಮುಟ್ಟೇ ಇಲ್ಲ. ಬಿಸಿ ಮಾಡ್ಲಾ?

ಪರೀಕ್ಷೆ ಚಿಂತೆ ಅಲ್ವಾ... ಗೊತ್ತಮ್ಮ. ಹೋದ ಸಲ ಬಾಗಿಲ ಹತ್ರ ನಿಂತು ಅತ್ತೆ ನೀನು, ನಾನು ಮರೆತಿಲ್ಲ. ಸೋಮವಾರ ಮೇಷ್ಟ್ರುಗಳೆಲ್ಲ ಸಾಲಾಗಿ ಕೂರ್ತಾರೆ, ಅಕ್ಕ ಒಂದೇ ಕೈಲಿ ಹೆಚ್ಚೋ ವಿಡಿಯೋ ತೋರಿಸದಿದ್ರೆ ಈ ವರ್ಷ ಹೋದಂಗೇ ಅಂದೆ. ಬಳಸೋರ ಕೈಗೆ ಒಗ್ಗದ ವಸ್ತು ವಸ್ತುನೇ ಅಲ್ಲ ಅಂತ ಅವರು ಬೈದ್ರು ಅಂದೆ. ರಾತ್ರಿ ಹಗಲು ಮರ ಉಜ್ಜಿ ಉಜ್ಜಿ ನಿನ್ನ ಬೆರಳೆಲ್ಲ ಸಿಪ್ಪೆ ಎದ್ದಿತ್ತು.

ಆದ್ರೆ ಒಂದು ಮಾತು ಹೇಳ್ತೀನಿ, ಕೇಳು. ಒಂದು ವರ್ಷ ಹೋದ್ರೆ ಏನು ಮುಳುಗಿಹೋಗುತ್ತೆ? ಇನ್ನೊಂದು ವರ್ಷ ಓದು. ಇನ್ನೂ ಚೆನ್ನಾಗಿ ಮಾಡು. ರಜದ ದಿನ ಇಲ್ಲಿಗೆ ಬಾ, ಒಂದೊಂದೇ ಸರಿ ಮಾಡೋಣ... ಮೊಳೆ, ರಬ್ಬರು, ಎಲ್ಲ. ಊಟ ಇಲ್ಲೇ ಮಾಡು. ನನಗೇನು ತೊಂದರೆ ಇಲ್ಲ. ಹೇಗೂ ಇಬ್ಬರಿಗಾಗೋಷ್ಟು ಅನ್ನ ಇಟ್ಟುಬಿಡ್ತೀನಿ, ಕೈ ಅಳತೆ ಬಿದ್ದುಹೋಗಿದೆ, ಬೆಳಗ್ಗೆ ಉಳಿದಿದ್ದನ್ನೇ ರಾತ್ರಿ...

ಇಬ್ಬರಿಗೆ ಅಂದ್ರೆ... ಅಕ್ಕ ಈಗ ಊಟ ಕಮ್ಮಿ ಮಾಡಿದಾಳೆ. ಡಾಕ್ಟರ್ ಹೇಳಿದಾರೆ.

ಹಾಗ್ಯಾಕೆ ನೋಡ್ತೀಯ?

ಹೊಸ ಹಲಗೆ ತೆಗೀ, ನೋಡೋಣ. ನಾಲ್ಕನೇದು. ಬ್ಯಾಗ್ ತೊಡೆ ಮೇಲೇ ಇಟ್ಕೊಂಡಿದೀಯ, ಬಂದಾಗಿನಿಂದ ಬಿಚ್ಚಿಲ್ಲ. ಕ್ಯಾಮೆರಾನೂ ತೆಗೆದಿಲ್ಲ. ಪ್ರತಿ ಸಲ ಅದಕ್ಕೆ ಮೂರು ಕಾಲು ಹಾಕಿ ನಿಲ್ಲಿಸೋಕೆ ಅರ್ಧ ಅಡುಗೆಮನೆ ಖಾಲಿ ಮಾಡಿಸ್ತಿದ್ದೆ... ತಂದಿಲ್ವಾ? ಹಲಗೆ ಮಾಡೇ ಇಲ್ವಾ? ಯಾಕೆ, ಮೈ ಸರಿ ಇಲ್ವಾ? ಅಥವಾ ಬಿಟ್ಟೇಬಿಟ್ಯಾ ಓದು? ಬಿಡಬೇಡ, ನನ್ನ ಮಾತು ಕೇಳು. ಜಾರೋದು ಅಂಥ ದೊಡ್ಡ ವಿಷಯ ಅಲ್ಲ, ನಾನು ಸ್ವಲ್ಪ ಹೆಚ್ಚಾಗೇ ಹೇಳಿದ್ನೇನೋ. ಅಕ್ಕನೂ...

ಏನಾದ್ರೂ ಹೇಳು ಮರಿ. ಮೇಷ್ಟ್ರು ಇಲ್ಲಿಲ್ಲ. ಹೇಳು.

...

ಇವತ್ತು ನೀನು ಅಕ್ಕನ್ನ ಕೇಳಲೇ ಇಲ್ಲ.

ಚಪ್ಪಲಿ ಬಿಡೋ ಮುಂಚೆ ಕೇಳ್ತಿದ್ದೆ, ಅಕ್ಕ ಎಲ್ಲಿ, ಅಕ್ಕ ಹೇಗಿದಾರೆ ಅಂತ. ಇವತ್ತು ಬಂದು ಕೂತೆ. ನಾನು ವ್ಯಾಯಾಮ ಅಂದೆ, ಗಾಡಿ ಅಂದೆ, ಜ್ವರ ಅಂದೆ... ತಲೆ ಆಡಿಸ್ತಾ ಕೂತೆ. ನೀನು ಪಾಠದ ಪ್ರಕಾರ ಸುಮ್ಮನಿದೀಯ ಅಂದ್ಕೊಂಡೆ ನಾನು.

ನೋಡಿದ್ಯಾ ಅವಳನ್ನ?

...ಫೋನ್ ಮಾಡಿದ್ಲಾ? ಅವಳೇ? ನಿನ್ನ ನಂಬರ್ ಅವಳಿಗೆ... ಹೌದಲ್ಲ. ಪ್ರತಿ ಹಲಗೆ ಕೆಳಗೂ ನಂಬರ್ ಅಂಟಿಸಿರ್ತೀಯ. ಮೊದಲನೇ ಹಲಗೆ ಅವಳ ಹತ್ರಾನೇ ಇದೆ. ನಾನು ಸೀಳು ಬಿಡ್ತು, ಎಸೆದೆ ಅಂದಿದ್ದೆ ನಿನಗೆ. ಸೀಳೂ ಇಲ್ಲ, ಏನೂ ಇಲ್ಲ. ಈ ಮನೆ ಬಿಟ್ಟು ಹೋಗ್ತಾ ಅವಳು ಬಟ್ಟೆಗಿಂತ ಮೊದಲು ಅದನ್ನ ಕಟ್ಕೊಂಡ್ಲು.

ಅವಳ ಹಳೇ ಸ್ನೇಹಿತೆ ಮನೆ ಪಕ್ಕ ಒಂದು ರೂಮು, ಅಲ್ವಾ... ಒಬ್ಬಳೇ ಇರ್ತಾಳಾ? ಕಿಟಕಿ ಇದೆಯಾ? ನಾನು ನೋಡಿಲ್ಲ. ಕರೀಲಿಲ್ಲ ಅವಳು.

ಹಲಗೆ ಜಾರೋದು ನೋಡು ಅಂತ ಫೋನಲ್ಲಿ ಕಳಿಸಿದ್ನಲ್ಲ, ಆ ವಿಡಿಯೋದಲ್ಲಿದ್ದ ಕೈ ನಂದು. ಅದೂ ಗೊತ್ತಾಗಿರಬೇಕು ನಿನಗೆ. ನೀನು ಅಳೆದ ಕೈ ಅದಲ್ಲ, ಸೂಜಿ ಚುಚ್ಚಿರೋ ಬೆರಳು. ಕೈ ಮಾತ್ರ ಕಂಡ್ರೆ ಸಾಕು ಅಂದ್ಯಲ್ಲ, ನನ್ನ ಕೈನೇ ವಿಡಿಯೋ ತೆಗೆದು ಕಳಿಸಿದೆ.

ಏನಾಯ್ತು ಅಂದ್ರೆ... ನೀನು ಮೊದಲನೇ ಹಲಗೆ ಕೊಟ್ಟು ಹೋದ ಮಾರನೇ ಬೆಳಗ್ಗೆ. ನೀನು ಮುಟ್ಟಬೇಡ ಅಂದ್ಲು ಅಕ್ಕ. ಒಂದು ಈರುಳ್ಳಿ ತಗೊಂಡು ಕೂತ್ಲು. ಬೆವರು ಸುರೀತಿತ್ತು. ನನಗೆ ನೋಡೋಕಾಗ್ತಿರಲಿಲ್ಲ, ಕೊಡು ಕೊಡು ಅಂತಾನೇ ಇದ್ದೆ. ಕೊಡಲಿಲ್ಲ. ಪೂರ್ತಿ ಹೆಚ್ಚಿದ್ಲು. ತಟ್ಟೆ ನನ್ನ ಮುಂದೆ ತಳ್ಳಿ ಎಷ್ಟು ಚೆಂದ ನಕ್ಕಳು ಗೊತ್ತಾ... ಮಕ್ಕಳು ಅಂಕ ತೋರಿಸಿದಂಗೆ.

ನಾನೇನು ಮಾಡ್ದೆ ಹೇಳು? ಚಾಕು ತಗೊಂಡು ಅದನ್ನ ಮತ್ತೆ ಹೆಚ್ಚಿದೆ.

ಸಣ್ಣಗೆ. ಅವಳ ಎದುರಿಗೇ. ದಪ್ಪ ಇತ್ತು, ಅದಕ್ಕೆ. ಬೇಕಂತ ಅಲ್ಲ ಮರಿ, ಕೈ ತಾನಾಗೇ ಹೋಯ್ತು. ಅವಳ ಗುಂಡಿ ಹಾಕಿ, ತಲೆ ಬಾಚಿ, ರೊಟ್ಟಿ ಮುರಿದು ಕೊಟ್ಟು ಅಭ್ಯಾಸ ಆದ ಕೈ. ಅವಳು ನೋಡ್ತಾ ಇದ್ಲು. ಜಗಳ ಆಡಲಿಲ್ಲ. ಆಡಬಹುದಿತ್ತು. "ನಿನ್ನ ಜೊತೆ ಇದ್ರೆ ನನಗೆ ಈ ಒಂದು ಕೈನೂ ಇರಲ್ಲ ಕಣೇ" ಅಂದ್ಲು, ಅಷ್ಟೇ. ಆ ವಾರವೇ ಹೋದ್ಲು.

ಆಮೇಲೆ ನೀನು ಬಂದೆ. ಹಲಗೆ ಹೇಗಿದೆ ಅಂದೆ. ಸರಿ ಇದೆ ಅಂದ್ರೆ ನಿನ್ನ ಕೆಲಸ ಮುಗೀತಿತ್ತು, ಮತ್ತೆ ಯಾಕೆ ಬರ್ತಿದ್ದೆ ನೀನು? ಜಾರುತ್ತೆ ಅಂದೆ. ನೀನು ಟೀ ಕುಡಿದು, ಇನ್ನೊಂದು ಮಾಡಿ ತರ್ತೀನಿ ಅಂದೆ. ನನಗೆ ಅವತ್ತು ನಿದ್ದೆ ಬಂತು, ಎಷ್ಟೋ ದಿನದ ಮೇಲೆ. ನಿನ್ನ ಬೆರಳು ನೋಡಿದಾಗಲೂ ಬಾಯಿ ಬಿಡಲಿಲ್ಲ ನಾನು. ದೊಡ್ಡೋಳಾಗಿ ಎಂಥಾ ಕೆಲಸ... ಹೊಟ್ಟೆಗೆ ಹಾಕ್ಕೋ ಅಂತ ಕೇಳೋಕೂ ಮುಖ ಇಲ್ಲ.

ಅವಳು ನನ್ನ ಬಗ್ಗೆ ಏನಾದ್ರೂ ಕೇಳಿದ್ಲಾ?

...

ಸರಿ. ಸರಿ ಬಿಡು.

ಸೋಮವಾರಕ್ಕೆ ಇನ್ನೂ ಸಮಯ ಇದೆ. ಇಲ್ಲಿಂದ ಸೀದಾ ಅವಳ ಹತ್ರ ಹೋಗು, ಅವಳ ಕೈನೇ ವಿಡಿಯೋ ತೆಗೀ. ಆದ್ರೆ ಅದಕ್ಕೆ ಮುಂಚೆ ನಂದೂ ತಗೋ. ಮೂರು ಹಲಗೆ ಯಾಕೆ ಆಯ್ತು ಅಂತ ಅವರು ಕೇಳಿದ್ರೆ ನೀನು ಏನು ಹೇಳ್ತೀಯ? ಫೋನ್ ಹಿಡಿ, ಸಾಕು. ಮುಖ ಕಾಣ್ಲಿ ಈ ಸಲ. ಈ ಗಂಟು ಬಿಚ್ಚು ಮೊದಲು... ಆಂ. ಶುರು ಆಯ್ತಾ?

ನಾನು ಅವರ ತಂಗಿ. ಈ ಹಲಗೆ ಜಾರಲ್ಲ. ಮೊದಲನೇದೂ ಜಾರಲಿಲ್ಲ. ನಮ್ಮಕ್ಕ ಒಂದೇ ಕೈಲಿ ಒಂದು ಈರುಳ್ಳಿ ಪೂರ್ತಿ ಹೆಚ್ಚಿದ್ದನ್ನ ನಾನು ಎದುರಿಗೇ ನಿಂತು ನೋಡಿದೀನಿ. ಚೆನ್ನಾಗಿ ಹೆಚ್ಚಿದ್ಲು. ದಪ್ಪ ಏನಿರಲಿಲ್ಲ.

ಯಾರ ಸಹಾಯವೂ ಬೇಕಾಗಲಿಲ್ಲ ಅವಳಿಗೆ.