ನಂಜುಂಡಪ್ಪನ ಮುಖ ಹುಡುಕಿದ್ದು

ಅಲ್ಲ, ಗಾಡಿ ಮಾರಿದ್ದು ಆಮೇಲೆ, ಅದನ್ನ ಬಿಡಿ. ನಾನು ಹೇಳೋಕೆ ಹೊರಟಿದ್ದು ಗಾಡಿ ನಿಂತಲ್ಲೇ ನಿಂತಿತ್ತಲ್ಲ, ಆ ವರ್ಷದ್ದು. ಎರಡನೇ ಸಲ ಲಾಕ್‌ಡೌನ್ ಆಯ್ತು ನೋಡಿ, ಅದು. ನೀವು ಆಗ ಫೋನಲ್ಲಿ ಪಾಠ ಅಂತ ಮಂಚದ ಮೇಲೆ ಕೂತಿರ್ತಿದ್ರಿ, ನಿಮಗೆ ಅಷ್ಟು ನೆನಪಿರಲ್ಲ. ಅದಕ್ಕೆ ಮುಂಚೆ ನನ್ನ ದಿನ ಹೇಗಿತ್ತು ಅಂತ ಹೇಳಿದ್ರೆ ತಾನೆ, ನಿಂತಿದ್ದು ಏನು ಅಂತ ಗೊತ್ತಾಗೋದು. ಬೆಳಿಗ್ಗೆ ಎದ್ದು ಸ್ನಾನ ಮಾಡಿ ಘಾಟಿ ಸುಬ್ಬಪ್ಪನ ಪಟಕ್ಕೆ ದೀಪ ಹಚ್ಚಿ, ಉಳಿದ ವಿಭೂತೀಲಿ ಕ್ಯಾಮರಾ ಚೀಲಕ್ಕೂ ಒಂದು ಗೆರೆ ಎಳೆದು, ಮೊಪೆಡ್ ಹತ್ತಿದ್ರೆ ತೂಬಗೆರೆ ಕಡೆಗೋ ಸಾಸಲು ಕಡೆಗೋ, ಎಲ್ಲಿ ಕರೆದಿದ್ರೋ ಅಲ್ಲಿಗೆ. ಒಂದು ಕಡೆ ನಾಮಕರಣ, ಇನ್ನೊಂದು ಕಡೆ ಗೃಹಪ್ರವೇಶ, ದಾರೀಲಿ ಯಾವುದೋ ಸ್ಕೂಲಿನ ಮಕ್ಕಳನ್ನ ಮೂರು ಸಾಲು ನಿಲ್ಲಿಸಿ ಒಂದು ಗ್ರೂಪು. ಎಂಟು ದಿನ ಬಿಟ್ಟು ಅದೇ ದಾರೀಲಿ ಹೋಗಿ ಫೋಟೋ ಕೊಡೋದು, ಬೈಸಿಕೊಳ್ಳೋದು. ಮೆಳೇಕೋಟೆ ಹತ್ರ ಒಬ್ಬಳು ಅತ್ತೆ, 'ಏನಪ್ಪಾ, ನನ್ನ ಸೊಸೇನ ಬೆಣ್ಣೆ ಹಂಗೆ ಹಿಡಿದಿದ್ದೀಯ, ನನ್ನ ಇದ್ದಿಲು ಮಾಡಿಬಿಟ್ಟಿದ್ದೀಯ' ಅಂದ್ಲು. ನಾನೇನು ಬಣ್ಣ ಬಳಿದ್ನಾ ತಾಯಿ, ಸೂರ್ಯನ್ನ ಕೇಳಿ ಅಂದೆ. ಇನ್ನೊಂದು ಫೋಟೋ ತೆಗೆಸಿಕೊಂಡು ಮಜ್ಜಿಗೆ ಕೊಟ್ಟು ಕಳಿಸಿದ್ಲು. ಹಂಗಿತ್ತು.

ಸಾವಿನ ಮನೆಗೂ ಕರೀತಿದ್ರು ಗೊತ್ತಾ. ನಮ್ಮ ಕಡೆ ಎತ್ತೋಕೆ ಮುಂಚೆ ಕುರ್ಚೀಲಿ ಕೂರಿಸಿ, ಹಾರ ಹಾಕಿ, ಹಿಂದೆ ಮನೆಯವರೆಲ್ಲ ನಿಂತು ಒಂದು ಕಡೇ ಫೋಟೋ ತೆಗೆಸ್ತಾರೆ. ಆ ದಿನ ನಾನು ನೇರವಾಗಿ ಮನೆ ಒಳಕ್ಕೆ ಬರ್ತಿರಲಿಲ್ಲ. ಹಿತ್ತಲಲ್ಲಿ ತಣ್ಣೀರು ಸುರ್ಕೊಂಡು, ನಿಮ್ಮಜ್ಜಿ ಕ್ಯಾಮರಾ ಚೀಲದ ಮೇಲೆ ನಾಲ್ಕು ಹನಿ ಅರಿಶಿನದ ನೀರು ಚಿಮುಕಿಸಿ, ಆಮೇಲೆ ಊಟ. ಚಿಮುಕಿಸೋವಾಗ ಪ್ರತಿ ಸಲಾನೂ ಹೇಳ್ತಿದ್ದೆ, ಚೀಲಕ್ಕೆ ಮಾತ್ರ ಕಣೇ, ಕ್ಯಾಮರಾಗೆ ಬೀಳಿಸಬೇಡ, ಅಂತ. ಅವಳು ಪ್ರತಿ ಸಲಾನೂ, ಇಪ್ಪತ್ತು ವರ್ಷದಿಂದ ಬೀಳಿಸಿದ್ದೀನಾ, ಅನ್ನೋಳು. ಅದೊಂದು ಮಂತ್ರ ಆಗೋಗಿತ್ತು ನಮ್ಮಿಬ್ಬರಿಗೆ.

ಆ ವರ್ಷ ಅದೆಲ್ಲ ನಿಂತೋಯ್ತು. ಮದುವೆ ಅಂದ್ರೆ ಹತ್ತು ಜನ, ಯಾರೋ ಒಬ್ಬ ಫೋನಲ್ಲಿ ಹಿಡ್ಕೊಂಡ್ರೆ ಮುಗೀತು. ಕಡೇ ಫೋಟೋನೂ ಇಲ್ಲ, ಯಾಕಂದ್ರೆ ಆಸ್ಪತ್ರೆಗೆ ಹೋದವರು ತಿರುಗಿ ಮನೆಗೆ ಬರ್ತಿರಲಿಲ್ಲವಲ್ಲ. ನನಗೆ ಬೇಜಾರಾಯ್ತಾ ಅಂದ್ರೆ, ಏನು ಹೇಳ್ಲಿ, ಬೇಜಾರೂ ಆಗಲಿಲ್ಲ. ಏನೂ ಆಗಲಿಲ್ಲ. ಬೆಳಿಗ್ಗೆ ದೀಪ ಹಚ್ಚೋದು, ಜಗಲಿ ಮೇಲೆ ಕೂರೋದು, ಗಾಡಿ ಸೀಟಿನ ಮೇಲೆ ಕೋಳಿ ಕೂತಿರೋದು, ಅದನ್ನ ನೋಡೋದು. ಓಡಿಸಬೇಕು ಅನ್ನಿಸ್ತಾನೂ ಇರಲಿಲ್ಲ. ಆಮೇಲೆ ನಿಧಾನಕ್ಕೆ ಫೋನ್ ಬರೋಕೆ ಶುರುವಾಯ್ತು. 'ಅಣ್ಣಾ, ಅಪ್ಪ ಹೋಗ್ಬಿಟ್ರು, ತಿಥಿಗೆ ಇಡೋಕೆ ಒಂದು ಫೋಟೋ ಇಲ್ಲ, ನಮ್ಮಕ್ಕನ ಮದುವೆಗೆ ನೀವೇ ಬಂದಿದ್ರಿ, ಅದರಲ್ಲಿ ಎಲ್ಲಾದ್ರೂ ಇರ್ತಾರಾ ನೋಡಿ.' ನನ್ನ ಹತ್ರ ಹಳೇ ಮದುವೆಗಳೆಲ್ಲ ಸೀಡೀಲಿ ಇದ್ವು, ಒಂದೊಂದರ ಮೇಲೂ ಊರ ಹೆಸರು, ಹುಡುಗೀ ಹೆಸರು ಬರೆದಿಟ್ಟವಳು ನಿಮ್ಮಜ್ಜಿ. ಕಂಪ್ಯೂಟರ್ ಮುಂದೆ ಕೂತು ಹುಡುಕ್ತಿದ್ದೆ. ಗ್ರೂಪ್ ಫೋಟೋದಲ್ಲಿ ಸಿಕ್ಕೋರು ಕಮ್ಮಿ ಕಣ್ರೋ. ಜಾಸ್ತಿ ಸಿಕ್ಕೋರು ಊಟದ ಪಂಕ್ತೀಲಿ. ಬಾಯಿ ತುಂಬ ಅನ್ನ ಇರೋದು, ಎಲೆ ಕಡೆ ಬಗ್ಗಿರೋದು. ಆ ಮುಖ ಕತ್ತರಿಸಿ, ಎಲೆ ಅಳಿಸಿ, ಹಿಂದಕ್ಕೆ ನೀಲಿ ಬಣ್ಣ ಹಾಕಿ, ದೊಡ್ಡದು ಮಾಡಿ, ಕಟ್ಟು ಹಾಕಿಸಿ ಕೊಡೋದು. ಒಂದಲ್ಲ ಎರಡಲ್ಲ. ಅದರಲ್ಲಿ ನನಗೆ ಗೊತ್ತಿದ್ದೋರೂ ಇದ್ರು, ನನಗೆ ಮಜ್ಜಿಗೆ ಕೊಟ್ಟೋರು, ಬೈದೋರು. ಕೈ ಅದರ ಪಾಡಿಗೆ ಅದು ಕೆಲಸ ಮಾಡೋದು.

ಒಂದು ಪದ್ಧತಿ ಇಟ್ಕೊಂಡಿದ್ದೆ ಆಗ. ಮೊದಲನೇ ಫೋಟೋ ಕೊಟ್ಟಾಗ ಏನಾಯ್ತು ಅಂದ್ರೆ, ಆ ಮನೆ ಹೆಂಗಸು ತಿಥಿಗೆ ಎರಡು ದಿನ ಮುಂಚೇನೇ ಅದನ್ನ ಬಿಚ್ಚಿ ನೋಡಿ, ಹಿಡ್ಕೊಂಡು ಕೂತೋಳು ಏಳಲೇ ಇಲ್ಲವಂತೆ, ನೀರೂ ಮುಟ್ಟಲಿಲ್ಲವಂತೆ. ಅವತ್ತಿಂದ ನಾನು ಕಟ್ಟು ಹಾಕಿಸಿದ ಮೇಲೆ ಬಿಳೀ ಬಟ್ಟೇಲಿ ಸುತ್ತಿ, ದಾರ ಬಿಗಿದು, ಪೂಜೆ ಹೊತ್ತಿಗೆ ಬಿಚ್ಚಿ ತಾಯಿ, ಅದಕ್ಕೆ ಮುಂಚೆ ಬೇಡ, ಅಂತ ಹೇಳಿ ಕೊಡ್ತಿದ್ದೆ. ಯಾರೂ ಇಲ್ಲ ಅನ್ನಲಿಲ್ಲ. ದೊಡ್ಡೋರು ಹೇಳಿದ್ರು ಅಂದ್ಮೇಲೆ ಏನೋ ಶಾಸ್ತ್ರ ಇರಬೇಕು ಅಂದ್ಕೊಂಡ್ರು. ಶಾಸ್ತ್ರ ಅಲ್ಲ, ನಾನೇ ಮಾಡಿದ್ದು.

ಗಂಗಮ್ಮ ಅಂತ, ತೂಬಗೆರೆಯಿಂದ ಆಚೆ ಒಂದು ಹಳ್ಳಿ. ಅವಳ ಗಂಡ ನಂಜುಂಡಪ್ಪ. ಬಳ್ಳಾಪುರದಲ್ಲಿ ಮಗ್ಗದ ಕೆಲಸಕ್ಕೆ ಹೋಗ್ತಿದ್ದ, ಬಂದು ಹೊಲಾನೂ ನೋಡ್ಕೊಳ್ತಿದ್ದ. ಜ್ವರ ಅಂತ ಆಂಬುಲೆನ್ಸಲ್ಲಿ ಕರ್ಕೊಂಡು ಹೋದ್ರು. ಅಷ್ಟೇ. ಮುಖ ಕೂಡ ನೋಡೋಕೆ ಸಿಗಲಿಲ್ಲ ಅವಳಿಗೆ, ಅಲ್ಲೇ ಎಲ್ಲೋ ಸುಟ್ರು. ಮಕ್ಕಳಿಲ್ಲ. ನಂಜುಂಡಪ್ಪನಿಗೆ ತಮ್ಮ ಒಬ್ಬನಿದ್ದ, ಕೆಂಪಣ್ಣ ಅಂತ, ಅದೇ ಮನೇಲಿ. ಗಂಗಮ್ಮ ಫೋನ್ ಮಾಡಿದಾಗ ಅಳಲಿಲ್ಲ. ಒಂದೇ ಸಮ ಹೇಳಿದ್ಲು. ಮದುವೆ ಫೋಟೋ ಗೋಡೇಲಿತ್ತಂತೆ, ಮಳೆಗೆ ಗೋಡೆ ನೆಂದು, ಫೋಟೋ ಗಾಜಿಗೆ ಅಂಟಿಕೊಂಡು, ತೆಗೀತೀನಿ ಅಂತ ಎಳೆದ್ರೆ ಮುಖ ಗಾಜಿಗೇ ಹೋಯ್ತಂತೆ. ಆಧಾರ್ ಕಾರ್ಡಿನದ್ದು ದೊಡ್ಡದು ಮಾಡಿಸಿ ನೋಡಿದ್ಲಂತೆ, ಹೊಗೆ ಹೊಗೆ, ಯಾರು ಬೇಕಾದ್ರೂ ಆಗಬಹುದು. ಫೋನ್ ಇತ್ತು, ಗುಂಡಿ ಫೋನು. 'ಹನ್ನೊಂದನೇ ದಿನ ಅವರ ಮುಖ ಒಂದು ಇಡಬೇಕಣ್ಣ, ನಾನು ನೋಡಬೇಕು. ಕಡೇಲಿ ನೋಡಲೇ ಇಲ್ಲ ನಾನು' ಅಂದ್ಲು. ಅವಳ ನಾದಿನಿ ಮದುವೆಗೆ ನಾನೇ ಹೋಗಿದ್ದೆ, ಹದಿನೈದು ವರ್ಷ ಆಗಿರಬೇಕು, ಆಗ ತಾನೆ ರೀಲು ಬಿಟ್ಟು ಕಾರ್ಡಿನ ಕ್ಯಾಮರಾ ತಗೊಂಡಿದ್ದೆ. ಅಲ್ಲಿ ನಂಜುಂಡಪ್ಪ ಫೋಟೋಗೆ ನಿಲ್ಲಲಿಲ್ಲ, ಅವನು ಯಾವತ್ತೂ ನಿಲ್ಲೋನಲ್ಲವಂತೆ, ಸಾಂಬಾರ್ ಬಡಿಸ್ತಿದ್ನಂತೆ. ಹೇಗೆ ಗುರುತು ಹಿಡೀಲಿ ತಾಯಿ ಅಂದೆ. 'ಹಸಿರು ಗೆರೆ ಅಂಗಿ ಅಣ್ಣ, ಅವತ್ತು ಹೊಸದು' ಅಂದ್ಲು.

ಹುಡುಕಿದೆ. ಮಧ್ಯಾಹ್ನ ಕರೆಂಟು ಇರೋ ಹೊತ್ತಲ್ಲಿ ಕೂತು ಹುಡುಕಿದೆ. ಸಿಕ್ತು. ಹಸಿರು ಗೆರೆ ಅಂಗಿ, ಕೈಯಲ್ಲಿ ಸಾಂಬಾರ್ ಬಕೆಟ್ಟು, ದಪ್ಪ ಮೀಸೆ, ಯಾರೋ ಕರೆದಿದ್ದಕ್ಕೆ ತಿರುಗಿ ನೋಡಿರೋ ಮುಖ, ಚೆನ್ನಾಗಿ ಬಂದಿತ್ತು. ಸ್ವಲ್ಪ ಚಿಕ್ಕ ವಯಸ್ಸು ಅನ್ನಿಸ್ತು. ಅನ್ನಿಸ್ತು, ಸುಳ್ಳು ಹೇಳಲ್ಲ. ಹದಿನೈದು ವರ್ಷದ ಹಿಂದೆ ತಾನೆ, ಇರಬಹುದು ಅಂದ್ಕೊಂಡೆ. ನಂಜುಂಡಪ್ಪನ್ನ ನಾನು ನೋಡಿದ್ದೇ ಒಂದೆರಡು ಸಲ. ನಿಮ್ಮಜ್ಜಿ ಹಿಂದೆ ನಿಂತು ನೋಡಿ, ಅವಳಿಗೆ ಒಂದು ಸಲ ತೋರಿಸಬಾರದಾ, ಅಂದ್ಲು. ಪೂಜೆ ಹೊತ್ತಿಗೆ ನೋಡ್ತಾಳೆ ಬಿಡೇ, ಈಗ ತೋರಿಸಿ ಯಾಕೆ ಅಳಿಸೋದು, ಅಂದೆ. ಬಕೆಟ್ಟು ಅಳಿಸಿದೆ, ನೀಲಿ ಬಣ್ಣ ಹಾಕಿದೆ, ಕಟ್ಟು ಹಾಕಿಸಿ ಬಟ್ಟೆ ಸುತ್ತಿದೆ.

ಹನ್ನೊಂದನೇ ದಿನ ಬೆಳಿಗ್ಗೆ ಪೊಲೀಸರು ರಸ್ತೇಲಿ ನಿಲ್ಲೋಕೆ ಮುಂಚೆ ಗಾಡಿ ತೆಗೆದೆ, ಕೋಳಿ ಓಡಿಸಿ. ಗಂಗಮ್ಮನ ಮನೆ ಅಂಗಳದಲ್ಲಿ ಎಂಟೋ ಒಂಬತ್ತೋ ಜನ, ದೂರ ದೂರ ಕೂತಿದ್ರು, ಮುಖಕ್ಕೆಲ್ಲ ಬಟ್ಟೆ. ತಿಥಿ ಮಾಡಿಸೋ ದಾಸಯ್ಯ ಬಂದು ಶಂಖ ಜಾಗಟೆ ಇಟ್ಕೊಂಡಿದ್ದ. ಕುರ್ಚಿ ಮೇಲೆ ಪಂಚೆ ಹಾಸಿ, ಅಕ್ಕಿ ಹರಡಿ, ಅದರ ಮೇಲೆ ಫೋಟೋ ಇಟ್ಟೆ. ಮಗ ಇಲ್ಲದಿದ್ದಕ್ಕೆ ತಮ್ಮ ಕೆಂಪಣ್ಣನೇ ಕಾರ್ಯಕ್ಕೆ ಕೂತಿದ್ದ, ತಲೆ ಮೀಸೆ ಬೋಳಿಸಿ, ಒದ್ದೆ ಪಂಚೇಲಿ, ಅವನೊಬ್ಬನ ಮುಖಕ್ಕೆ ಬಟ್ಟೆ ಇರಲಿಲ್ಲ. ಅವನ ಮುಖ ನಾನು ನೋಡಿದೆ. ನೋಡಿದೆ ಕಣ್ರೋ, ಎದುರಿಗೇ. ನನಗೇನೂ ಹೊಳೀಲಿಲ್ಲ. ಗಂಗಮ್ಮ ಬಂದು ದಾರ ಬಿಚ್ಚಿದ್ಲು. ಬಟ್ಟೆ ಸರಿಸಿದ್ಲು. ಪಕ್ಕದಲ್ಲಿದ್ದ ಯಾರೋ ವಯಸ್ಸಾದಾಕೆ, ಕಣ್ಣು ಮಂಜು ಪಾಪ, ಇವಳು ನೋಡೋಕೂ ಬಿಡದೆ ಗಾಜಿಗೆ ಕುಂಕುಮ ಇಟ್ಟು ಹಾರ ಹಾಕಿಬಿಟ್ಟಳು. ದಾಸಯ್ಯ ಶಂಖ ಊದಿದ. ಗಂಗಮ್ಮ ಹಂಗೇ ನಿಂತಿದ್ಲು. ಕೈ ಎತ್ತಿ ಮುಗೀಲಿಲ್ಲ. ಶಂಖ ನಿಂತ ಮೇಲೆ ಕೆಂಪಣ್ಣ ಎದ್ದು ಬಂದು ಕುರ್ಚಿ ಮುಂದೆ ಕುಕ್ಕರುಗಾಲಲ್ಲಿ ಕೂತ. ತುಂಬ ಹೊತ್ತು ನೋಡಿದ. ಆಮೇಲೆ ನನ್ನ ಕಡೆ ತಿರುಗಿ ಮೆತ್ತಗೆ ಹೇಳಿದ.

'ಅಣ್ಣಾ, ಇದು ನಾನು.'

ಬದುಕಿರೋನ ಫೋಟೋಗೆ ಹಾರ ಹಾಕಿ ಶಂಖ ಊದಿಸಿದ್ದೀನಿ ನಾನು, ದಿನಾ ದೀಪ ಹಚ್ಚೋನು. ನನಗೆ ಆಗ ಏನನ್ನಿಸ್ತು ಅಂತ ಕೇಳಿದ್ರೆ, ಕಿವೀಲಿ ಆ ಶಂಖದ ಸದ್ದೇ ಇತ್ತು, ಬೇರೇನೂ ಇರಲಿಲ್ಲ. ಗಂಗಮ್ಮ ಹೇಳಿದ್ಲು, ನನಗಲ್ಲ, ಯಾರಿಗೋ ಹೇಳೋ ಹಂಗೆ. ಮನೇಲಿ ಒಳ್ಳೇ ಅಂಗಿ ಅಂತ ಇದ್ದಿದ್ದು ಅದೊಂದೇ ಅಂತೆ. ಮೊದಲನೇ ಪಂಕ್ತಿ ನಂಜುಂಡಪ್ಪ ಬಡಿಸಿ, ಗಂಡಿನ ಕಡೆಯೋರು ಕೂರೋ ಹೊತ್ತಿಗೆ ಅಂಗಿ ಬಿಚ್ಚಿ ತಮ್ಮನಿಗೆ ಕೊಟ್ಟು, ತಾನು ಬನಿಯನ್ನಲ್ಲಿ ಒಲೆ ಹತ್ರ ಹೋದ್ನಂತೆ. ಅವಳಿಗೂ ಅದು ಮರೆತೋಗಿತ್ತು, ಫೋಟೋ ನೋಡಿದ ಮೇಲೆ ನೆನಪಾಯ್ತು. ಆಮೇಲೆ ಹಾರ ತೆಗೆದ್ಲು. ಸೆರಗಿನ ತುದಿಗೆ ನೀರು ಮುಟ್ಟಿಸಿ ಗಾಜಿನ ಮೇಲಿನ ಕುಂಕುಮ ಒರೆಸಿದ್ಲು, ಮಕ್ಕಳ ಮೂಗು ಒರೆಸ್ತಾರಲ್ಲ ಹಂಗೆ. ಫೋಟೋನ ನನ್ನ ಕೈಗೆ ಕೊಟ್ಲು. ಬರೀ ಕುರ್ಚಿ, ಅಕ್ಕಿ ಇಟ್ಟೇ ದಾಸಯ್ಯ ಮಿಕ್ಕಿದ್ದು ಮುಗಿಸಿದ. ನಾನು ಗೋಡೆಗೆ ಒರಗಿ ನಿಂತಿದ್ದೆ, ಆ ಕಟ್ಟು ಎದೆಗೆ ಹಿಡ್ಕೊಂಡು, ಹೋಗೋದಾ ಇರೋದಾ ಗೊತ್ತಾಗದೆ. ಹೊರಡೋವಾಗ ತಾಯಿ, ತಪ್ಪಾಯ್ತು, ಅಂತ ಅಂದೆ. 'ಇನ್ನೂ ಹುಡುಕಿ ಅಣ್ಣ. ಅವರು ಅಲ್ಲೇ ಎಲ್ಲೋ ಇರ್ತಾರೆ, ಮೊದಲನೇ ಪಂಕ್ತೀಲಿ' ಅಂದ್ಲು. ಬೈದಿದ್ರೆ ಬೈಸ್ಕೊಂಡು ಬಂದ್ಬಿಡ್ತಿದ್ದೆ.

ಆ ಮದುವೇಲಿ ನಾನು ತೆಗೆದಿದ್ದು ಆರುನೂರು ಚಿಲ್ಲರೆ ಫೋಟೋ. ಒಂದೊಂದೇ ದೊಡ್ಡದು ಮಾಡಿ, ಮೂಲೆ ಮೂಲೆ ನೋಡಿದೆ. ನಾಲ್ಕು ದಿನ. ನಿಮ್ಮಜ್ಜಿ ಪಕ್ಕದಲ್ಲಿ ಸ್ಟೂಲ್ ಹಾಕ್ಕೊಂಡು ಕೂತಳು. ನನ್ನ ಕಣ್ಣಿನ ಮೇಲೆ ಅವಳಿಗೆ ನಂಬಿಕೆ ಹೋಗಿತ್ತು. ಮೊದಲನೇ ಪಂಕ್ತೀಲಿ ಹಸಿರು ಗೆರೆ ಅಂಗಿ ಏಳು ಕಡೆ ಸಿಕ್ತು. ಒಂದರಲ್ಲಿ ಬರೀ ತೋಳು ಮತ್ತೆ ಸೌಟು. ಒಂದರಲ್ಲಿ ಮುಖದ ಮುಂದೆ ಸಾಂಬಾರಿನ ಹಬೆ. ಇನ್ನೊಂದರಲ್ಲಿ ಕಂಬ ಅಡ್ಡ. ಉಳಿದಿದ್ದೆಲ್ಲ ಬೆನ್ನು. ನಾನು ಕ್ಯಾಮರಾ ಎತ್ತಿದ ಕಡೆಯಿಂದ ಅವನು ತಿರುಗ್ತಿದ್ನೋ ಏನೋ, ನಾಚಿಕೆ ಮನುಷ್ಯ. ಮುಖ ಎಲ್ಲೂ ಇಲ್ಲ. ಆರುನೂರು ಫೋಟೋದಲ್ಲಿ ಆ ಮನುಷ್ಯನ ಮುಖ ನಾನು ಒಂದು ಸಲಾನೂ ಹಿಡಿದಿಲ್ಲ.

ಈ ಸಲ ಬಟ್ಟೆ ಸುತ್ತಲಿಲ್ಲ, ಕಟ್ಟೂ ಹಾಕಿಸಲಿಲ್ಲ. ಏಳನ್ನೂ ಸಣ್ಣದಾಗಿ ಪ್ರಿಂಟ್ ಹಾಕಿ, ಕವರಲ್ಲಿಟ್ಕೊಂಡು ಹೋದೆ. ಹೋಗಿ ಹೇಳ್ದೆ, ಮುಖ ಸಿಗಲಿಲ್ಲ ತಾಯಿ, ಇರೋದು ಇಷ್ಟೇ, ನೀವೇ ನೋಡಿ. ಗಂಗಮ್ಮ ಜಗಲಿ ಮೇಲೆ ಒಂದೊಂದಾಗಿ ಹರಡಿದ್ಲು, ಎಲೆ ಹಾಕೋ ಹಂಗೆ. ಒಂದರ ಮೇಲೆ ಬೆರಳಿಟ್ಲು. ಅದರಲ್ಲಿ ನಂಜುಂಡಪ್ಪ ಪಂಕ್ತಿ ಮಧ್ಯೆ ಬೆನ್ನು ಹಾಕಿ ನಿಂತಿದ್ದಾನೆ, ಎಡಗೈ ಸೊಂಟದ ಮೇಲೆ, ಒಂದು ಭುಜ ತಗ್ಗಿ, ಬಕೆಟ್ಟಿನ ಭಾರಕ್ಕೆ ಸ್ವಲ್ಪ ವಾಲಿ. ಎದುರಿಗೆ ಕೂತಿರೋ ಮುದುಕ ಸಾಕು ಅಂತ ಎಲೆಗೆ ಕೈ ಅಡ್ಡ ಹಿಡಿದಿದ್ದಾನೆ.

'ಇದೇ ಅವರು' ಅಂದ್ಲು. 'ಮಗ್ಗದ ಮುಂದೆ ನಿಂತು ನಿಂತು ಹಿಂಗಾಗಿತ್ತು ಭುಜ.' ಆಗ ಅತ್ತಳು. ಹದಿನೈದು ದಿನದ ಮೇಲೆ.

ನಾನು ಅಳಿಸಬೇಕಾ ತಾಯಿ, ಎಲೆ, ಬಕೆಟ್ಟು, ಆ ಮುದುಕ, ಅಂತ ಕೇಳ್ದೆ. ಏನೂ ಅಳಿಸಬೇಡಿ ಅಂದ್ಲು. ಹಂಗೇ ದೊಡ್ಡದು ಮಾಡಿ ಕಟ್ಟು ಹಾಕಿಸಿ ಕೊಟ್ಟೆ. ಈಗಲೂ ಅವರ ಮನೆ ನಡುಮನೇಲಿ ಇದೆ, ಬೆನ್ನಿಗೇ ಹಾರ, ಬೆನ್ನಿಗೇ ಕುಂಕುಮ. ನೋಡಿದೋರು ಇದೇನಮ್ಮ ಹಿಂಗೆ ಅಂತಾರೆ. ಕೆಂಪಣ್ಣ ಗಟ್ಟಿಮುಟ್ಟಾಗಿದ್ದಾನೆ, ಸುಬ್ಬಪ್ಪ ಕಾಪಾಡಿದ, ನಾನು ಅವನ ಹೆಸರಲ್ಲಿ ಘಾಟಿಗೆ ಹೋಗಿ ಅಭಿಷೇಕ ಮಾಡಿಸ್ಕೊಂಡು ಬಂದೆ. ತಪ್ಪಾದ ಆ ಫೋಟೋನ ಸುಟ್ಟುಬಿಡೋಣ ಅಂತಿದ್ದೆ, ಅವನೇ ಇಸ್ಕೊಂಡು ಹೋಗಿ ಟ್ರಂಕಲ್ಲಿ ಇಟ್ಟಿದ್ದಾನೆ. 'ಇರಲಿ ಬಿಡಣ್ಣ, ನನ್ನ ಕಾಲಕ್ಕೆ ನೀನು ಹುಡುಕೋದು ತಪ್ಪುತ್ತೆ, ಮೀಸೇನೂ ಚೆನ್ನಾಗಿ ಬಂದಿದೆ' ಅಂದ. ನಗೋಕೆ ಹೇಳಿದ್ದು ಅದು. ನನಗೆ ನಗು ಬರಲಿಲ್ಲ ಆಗ.

ಅದಕ್ಕೇ ಹೇಳೋದು, ಬೇರೆಯೋರ ಕಣ್ಣೀರು ತಪ್ಪಿಸ್ತೀನಿ ಅಂತ ನೀವೇ ಬಟ್ಟೆ ಸುತ್ತಿ ದಾರ ಕಟ್ಟೋಕೆ ಹೋಗಬೇಡಿ. ಅದು ಯಾರದ್ದೋ ಅವರಿಗೇ ಮೊದಲು ತೋರಿಸಿ. ಅತ್ರೆ ಅಳಲಿ. ಏಳಿ ಈಗ, ಅಜ್ಜಿ ತಟ್ಟೆ ಹಾಕಿದ್ದಾಳೆ.